ಎಡಗಡೆಯ ಮೈಕು

ನಮ್ಮ ಬ್ಯಾಂಡಿನಲ್ಲಿ ಇದ್ದವರು ಮೂರೇ ಜನ. ನಾನು ಬೇಸ್ ಗಿಟಾರ್ ನುಡಿಸುತ್ತ ಹಾಡುತ್ತಿದ್ದೆ. ಹೊಟ್ಟೆಪಾಡಿಗೆ ಸಿದ್ದಾಪುರದಲ್ಲಿ ಸಣ್ಣದೊಂದು ಮುದ್ರಣದ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆಯ ಕರೆಯೋಲೆ, ಬಿಲ್ ಬುಕ್ಕು, ವೈಕುಂಠ ಸಮಾರಾಧನೆಯ ಕಾರ್ಡು, ಇವೇ ದಿನದ ಕೆಲಸ. ಡ್ರಮ್ಸ್ ಬಾರಿಸುವ ಗೆಳೆಯ ಯಲ್ಲಾಪುರದವನು, ಅಲ್ಲಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಗಿಟಾರು ಭಾವನದು. ಭಾವ ಅಂದರೆ ನನ್ನ ಸೋದರತ್ತೆಯ ಮಗ. ನಮ್ಮಲ್ಲಿ ಅತ್ತೆಯ ಮಗ, ಮಾವನ ಮಗ ಇಬ್ಬರೂ ಪರಸ್ಪರ ಭಾವ ಎಂದೇ ಕರೆದುಕೊಳ್ಳುತ್ತಾರೆ. ನಾನು ಅವನಿಗೆ ಭಾವ, ಅವನು ನನಗೆ ಭಾವ. ಇಲ್ಲಿ ಮಾತ್ರ ಭಾವ ಅಂದಲ್ಲೆಲ್ಲ ಅವನೇ ಎಂದು ತಿಳಿದುಕೊಳ್ಳಬೇಕು.

ಅವನು ಹೇರೂರಿನ ಕಡೆಯವನು. ಶಿರಸಿಯಲ್ಲಿ ಸೌಂಡ್ ಸಿಸ್ಟಮ್ ರಿಪೇರಿ ಮಾಡುವ ಅಂಗಡಿ ಹಾಕಿದ್ದ. ಮದುವೆಗೆ, ಉಪನಯನಕ್ಕೆ, ಯಕ್ಷಗಾನದ ಆಟಕ್ಕೆ ಮೈಕ್ ಸೆಟ್ ಕೊಡುತ್ತಿದ್ದ. ಹಾಳಾದ ಆಂಪ್ಲಿಫೈಯರ್ ತಂದವರು ಇದಕ್ಕೆ ಏನಾಗಿದೆ ಎಂದು ವಿವರಿಸಲು ಹೊರಟರೆ ಸುಮ್ಮನಿರಿ ಎಂದು ಕೈಮಾಡಿ, ಸ್ಪೀಕರಿಗೆ ಕಿವಿಕೊಟ್ಟು ಕೂರುತ್ತಿದ್ದ. ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ನಾವು ಅಭ್ಯಾಸ ಮಾಡುವಾಗ, ನನ್ನ ತಂತಿಯ ಶ್ರುತಿ ಕೂದಲೆಳೆಯಷ್ಟು ಇಳಿದಿದ್ದರೂ ಅವನು ಕೆಳಗಿನ ಮೆಟ್ಟಿಲಲ್ಲೇ ಗುರುತಿಸಿ, ಮೇಲೆ ಬಂದವನೇ ನನ್ನ ಗಿಟಾರಿನ ಕಿವಿ ಹಿಂಡುತ್ತಿದ್ದ. ಬ್ಯಾಂಡಿಗೆ ಕಿವಿ ಅಂತ ಒಂದಿದ್ದರೆ ಅದು ಅವನದು. ಅವನು ಸರಿ ಅಂದರೆ ಸರಿ, ಇನ್ನೊಮ್ಮೆ ಅಂದರೆ ಇನ್ನೊಮ್ಮೆ. ಅದರ ಬಗ್ಗೆ ನಾವಿಬ್ಬರೂ ಎಂದೂ ತಕರಾರು ಮಾಡಿದವರಲ್ಲ.

ನಾವು ಮಾಡುತ್ತಿದ್ದುದು ರಾಕ್ ಸಂಗೀತ, ಆದರೆ ಮಾತು ನಮ್ಮ ಮನೆಯದು. ಮೊದಮೊದಲು ಎಲ್ಲರೂ ಹಾಡುವಂಥ ಕನ್ನಡದಲ್ಲೇ ಬರೆಯುತ್ತಿದ್ದೆ. ಒಂದು ಸಲ ಸುಮ್ಮನೆ ತಮಾಷೆಗೆ, ಅರಬೈಲ್ ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತಾಗ ಅರ್ಧಕ್ಕೇ ನಿಂತುಹೋದ ಒಂದು ಜಗಳವನ್ನು ಮನೆಮಾತಿನಲ್ಲೇ ಬರೆದು ಹಾಡಿದೆ. ಭಾವ ನಗುತ್ತಾನೆ ಅಂದುಕೊಂಡಿದ್ದೆ. ಅವನು ನಗಲಿಲ್ಲ, ಇನ್ನು ಮುಂದೆ ಹೀಗೇ ಬರೆ ಅಂದ. ನನ್ನ ಆಯಿ, ಅಂದರೆ ಅಮ್ಮ, ಮಾತ್ರ ಅದನ್ನು ಕೇಳಿ, ಇದು ಹಾಡೋ ಜಗಳವೋ ಎಂದು ವಿಚಾರಿಸಿದ್ದಳು. ಎರಡೂ ಹೌದು ಅಂದಿದ್ದೆ.

ಹೀಗೆ ಐದು ಹಾಡುಗಳಾದ ಮೇಲೆ ಅವನ್ನು ಸರಿಯಾಗಿ ರೆಕಾರ್ಡ್ ಮಾಡಿ ಊರಿಗೆಲ್ಲ ಕೇಳಿಸಬೇಕು ಎಂಬ ಹುಚ್ಚು ಹತ್ತಿತು. ಹುಬ್ಬಳ್ಳಿಯ ಸ್ಟುಡಿಯೋಗೆ ಹೋಗೋಣ ಎಂದು ನಾನಂದೆ. ಭಾವನಿಗೆ ಮನಸ್ಸಿರಲಿಲ್ಲ. ನಮ್ಮ ಸದ್ದು ನಮ್ಮ ಕೈಯಲ್ಲೇ ಇರಬೇಕು ಎಂಬುದು ಅವನ ಹಟ. ಜಾಗ ತೋರಿಸಿದವನು ಡ್ರಮ್ಮಿನ ಗೆಳೆಯ. ಅವನ ಸೋದರಮಾವ ಅಡಿಕೆ ವ್ಯಾಪಾರಿ. ಯಲ್ಲಾಪುರದ ಹೊರಗೆ, ಹುಬ್ಬಳ್ಳಿ ರಸ್ತೆಗೆ ತಾಗಿಕೊಂಡು ಅವರ ಗೋದಾಮು. ನಾವು ನೋಡಲು ಹೋದಾಗ ಒಣಗಿಸಿ ಸುಲಿದ ಚಾಲಿ ಅಡಿಕೆಯ ಮೂಟೆಗಳನ್ನು ಮೂರೂ ಗೋಡೆಗೆ ಒತ್ತಿ, ಮಾಡು ಮುಟ್ಟುವಷ್ಟು ಎತ್ತರಕ್ಕೆ ಪೇರಿಸಿಟ್ಟಿದ್ದರು. ಭಾವ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದ. ಸದ್ದು ಅಲ್ಲೇ ಇಂಗಿಹೋಯಿತು. ಇನ್ನೊಮ್ಮೆ ತಟ್ಟಿ, ಕಣ್ಣುಮುಚ್ಚಿ, ತಲೆಯಾಡಿಸಿದ. ಇಷ್ಟು ಒಳ್ಳೆಯ ಕೋಣೆ ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲ ಅಂದ. ಮಾವ ಅಡಿಕೆ ಬಿಟ್ಟು ಬೇರೇನನ್ನೋ ಹೊಗಳಿಸಿಕೊಂಡಿದ್ದು ಅದೇ ಮೊದಲಿರಬೇಕು. ಮಾಲು ಎತ್ತುವ ಮೊದಲು ಯಾವಾಗ ಬೇಕಾದರೂ ಬನ್ನಿ, ಬೀಡಿ ಮಾತ್ರ ಹಚ್ಚಬೇಡಿ ಅಂದರು.

ನಾವು ಹೋಗುವಷ್ಟರಲ್ಲಿ ಬೇಸಿಗೆ ಮುಗಿಯುತ್ತ ಬಂದಿತ್ತು. ಮದುವೆ ಸೀಸನ್ ಎಂದು ಭಾವನಿಗೆ ಬಿಡುವೇ ಸಿಕ್ಕಿರಲಿಲ್ಲ. ಹಮಾಲರಿಗೆ ರಜೆಯಿದ್ದ ಒಂದು ಭಾನುವಾರ ಬೆಳಗ್ಗೆಯೇ ಸಾಮಾನು ಇಳಿಸಿ, ಅಡಿಕೆಯ ಒಗರು ವಾಸನೆಯ ನಡುವೆ ತಂತಿ ಎಳೆದುಕೊಂಡು ಕೂತೆವು. ಡ್ರಮ್ಸಿನ ಎಡಕ್ಕೊಂದು, ಬಲಕ್ಕೊಂದು ಮೈಕು. ಭಾವ ಮೂಟೆಗಳ ಮರೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ. ಘಟ್ಟ ಹತ್ತಿ ಬಂದ ಲಾರಿಗಳು ಗೋದಾಮಿನ ಎದುರಿಗೇ ಗೇರು ಬದಲಿಸುತ್ತಿದ್ದವು. ಒಂದು ಲಾರಿ ಹೋಗಿ ಇನ್ನೊಂದು ಬರುವ ಮೊದಲು ಹಾಡು ಮುಗಿಯಬೇಕು. ಮಾವನೇ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ರಸ್ತೆ ನೋಡಿ ಕೈ ಎತ್ತಿ ಸನ್ನೆ ಮಾಡುತ್ತಿದ್ದರು.

ಅವತ್ತು ಭಾವ ಮೊದಲಿನಿಂದಲೂ ಸಿಡಿಮಿಡಿ. ನನ್ನನ್ನು ತನ್ನ ಎಡಕ್ಕೆ ನಿಲ್ಲಬೇಡ, ಬಲಕ್ಕೆ ಬಾ ಅಂದ. ಬಂದೆ. ಡ್ರಮ್ಮಿನವನು ಹಿಂದಿನಿಂದ ಏನೋ ಕೇಳಿದರೆ ಉತ್ತರವಿಲ್ಲ. ಎರಡನೆಯ ಸಲ ಕೇಳಿದರೆ, ಯಾಕೆ ಕಿರುಚುತ್ತೀ ಎಂದು ರೇಗಿದ. ಅವನು ರೇಗುವವನಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೊದಲ ರೆಕಾರ್ಡಿಂಗಿನ ಆತಂಕ ಎಂದುಕೊಂಡೆವು. ಮಧ್ಯಾಹ್ನದೊಳಗೆ ಮೂರು ಹಾಡು ಆಯಿತು. ಮಾವನ ಮನೆಯಿಂದ ಊಟ ಬಂತು. ಊಟ ಮಾಡಿ ಕೈತೊಳೆದು ಬಂದು, ಭಾವ ಹೆಡ್‌ಫೋನ್ ಹಾಕಿಕೊಂಡು ಬೆಳಗಿನದನ್ನು ಕೇಳಲು ಕೂತ.

ಸ್ವಲ್ಪ ಹೊತ್ತಿಗೆ ಹೆಡ್‌ಫೋನ್ ತೆಗೆದು, "ಎಡದ ಮೈಕು ಸತ್ತೋಜು" ಅಂದ.

ಮೂರು ಹಾಡೂ ಹಾಳಾದವಲ್ಲ ಎಂದು ನನಗೆ ಅಳುವೇ ಬಂತು. ಅವನು ಎದ್ದು ಹೋಗಿ ಮೈಕಿನ ತಂತಿ ಬದಲಿಸಿದ. ಡ್ರಮ್ಮಿನವನಿಗೆ ಬಾರಿಸಲು ಹೇಳಿ ಮತ್ತೆ ಕೇಳಿದ. ಇಲ್ಲ. ಮೈಕನ್ನೇ ಬದಲಿಸಿದ. ಇಲ್ಲ. ಅಷ್ಟರಲ್ಲಿ ಡ್ರಮ್ಮಿನವನು ಎದ್ದು ಬಂದು, ಬೆಳಗಿನ ಹಾಡನ್ನೇ ಮತ್ತೆ ಹಚ್ಚಿ, ಹೆಡ್‌ಫೋನ್ ತಾನು ಹಾಕಿಕೊಂಡ. ಕೇಳುತ್ತ ಅವನ ಹುಬ್ಬು ಗಂಟಾಯಿತು. ಎರಡೂ ಕಡೆ ಬರ್ತಿದೆಯಲ್ಲ ಅಣ್ಣ ಎಂದು ನನ್ನ ಕಡೆ ಚಾಚಿದ. ನಾನೂ ಕೇಳಿದೆ. ಎಡಕ್ಕೂ ಬಲಕ್ಕೂ ತುಂಬಿಕೊಂಡು ಬರುತ್ತಿತ್ತು. ನಮ್ಮ ಹಾಡು ಅಷ್ಟು ಚೆನ್ನಾಗಿರಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಖುಷಿಯಿಂದ ತಲೆಯೆತ್ತಿ, ಸರಿಯಾಗಿದೆ ಭಾವ, ಏನೂ ಆಗಿಲ್ಲ ಅಂದೆ.

ಅವನು ನನ್ನ ಕೈಯಿಂದ ಹೆಡ್‌ಫೋನ್ ತೆಗೆದುಕೊಂಡ. ಮೊದಲಿನಂತೆ ಹಾಕಿಕೊಂಡು ಕೇಳಿದ. ಆಮೇಲೆ ಅದನ್ನು ತೆಗೆದು, ಹಿಂದುಮುಂದು ಮಾಡಿ, ಎಡದ ಬಟ್ಟಲು ಬಲಗಿವಿಗೆ ಬರುವಂತೆ ಹಾಕಿಕೊಂಡ. ಅಂಗಡಿಯಲ್ಲಿ ಅವನು ದಿನಾ ಮಾಡುವ ಕೆಲಸ ಅದು. ದೋಷ ತಂತಿಯಲ್ಲಿದೆಯೋ ಸ್ಪೀಕರಿನಲ್ಲಿದೆಯೋ ಎಂದು ತಿಳಿಯಲು ಎರಡನ್ನೂ ಅದಲುಬದಲು ಮಾಡಿ ನೋಡುವುದು. ಹಾಡು ಓಡುತ್ತಿತ್ತು. ಅವನು ನೆಲ ನೋಡುತ್ತ ನಿಂತಿದ್ದ. ಮತ್ತೆ ತಿರುಗಿಸಿ ಸರಿಯಾಗಿ ಹಾಕಿಕೊಂಡ, ಮತ್ತೆ ಹಿಂದುಮುಂದು ಮಾಡಿದ. ಆಮೇಲೆ ನಿಧಾನಕ್ಕೆ ಹೆಡ್‌ಫೋನ್ ತೆಗೆದು ಮೂಟೆಯ ಮೇಲೆ ಇಟ್ಟ.

"ಮೈಕು ಸರಿ ಇದ್ದು ಭಾವ" ಅಂದ. "ಯನ್ನ ಕಿವಿ ಸತ್ತೋಜು."

ನನಗೆ ಅರ್ಥವಾಗಲು ಕೆಲವು ಕ್ಷಣ ಬೇಕಾಯಿತು. ನಾನು ಅವನ ಎಡಗಡೆಗೆ ಹೋಗಿ, ಅವನಿಗೆ ಕಾಣದ ಹಾಗೆ ಕಿವಿಯ ಹತ್ತಿರವೇ ಮೆಲ್ಲಗೆ ಬೆರಳುಜ್ಜಿದೆ. ಅವನು ಕದಲಲಿಲ್ಲ. ಇನ್ನೊಮ್ಮೆ ಉಜ್ಜಿದೆ. ಡ್ರಮ್ಮಿನವನು ಸಾಕು ಬಿಡು ಎಂದು ನನ್ನ ಕೈ ಹಿಡಿದ. ಬಾಗಿಲಲ್ಲಿದ್ದ ಮಾವ ಏನೂ ತಿಳಿಯದೆ, ರಸ್ತೆ ಖಾಲಿ ಇದೆ ಎಂದು ಕೈ ಎತ್ತಿ ಸನ್ನೆ ಮಾಡುತ್ತಲೇ ಇದ್ದರು.

ಆಮೇಲೆ ಭಾವ ತಾನೇ ಹೇಳಿದ. ಸುಮಾರು ಇಪ್ಪತ್ತು ದಿನದ ಹಿಂದೆ, ಒಂದು ಮದುವೆಯ ಕೆಲಸ ಮುಗಿಸಿ ಬಂದು ಮಲಗಿ ಬೆಳಗ್ಗೆ ಎದ್ದಾಗ, ಸ್ನಾನದ ನೀರು ಹೊಕ್ಕಂತೆ ಎಡಗಿವಿ ಕಟ್ಟಿಕೊಂಡಿತ್ತಂತೆ. ಒಳಗೆ ಕುಕ್ಕರ್ ಕೂಗುವ ಹಾಗೆ ಒಂದೇ ಸಮನೆ ಸದ್ದು. ಶೀತ ಇರಬೇಕು, ಇಲ್ಲವೇ ಗುಗ್ಗೆ ಕಟ್ಟಿರಬೇಕು ಎಂದುಕೊಂಡು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡಿದ್ದ. ಇವತ್ತು ಬಿಡುತ್ತದೆ, ನಾಳೆ ಬಿಡುತ್ತದೆ ಎಂದು ಕಾದಿದ್ದ. ಕಟ್ಟಿಕೊಂಡ ಕಿವಿಯಲ್ಲಿ ಸ್ವಲ್ಪವಾದರೂ ಕೇಳುತ್ತಿದೆ ಎಂದೇ ನಂಬಿದ್ದ. ಬಲಗಿವಿಗೆ ಬಿದ್ದದ್ದನ್ನೇ ಎರಡರಲ್ಲೂ ಕೇಳಿಸಿತು ಎಂದುಕೊಳ್ಳುತ್ತಿದ್ದನೇನೋ. ಹೆಡ್‌ಫೋನು ಎರಡು ಕಿವಿಯನ್ನು ಬೇರೆ ಮಾಡಿ ತೋರಿಸುವವರೆಗೆ, ಒಂದು ಪೂರ್ತಿ ಹೋಗಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಮಾವ ಒಳಗೆ ಬಂದು ಕೇಳಿ, ಗುಗ್ಗೆ ಇರ್ತದೆ, ತೆಗೆಸಿದರೆ ಆಯಿತು ಎಂದು ಸಮಾಧಾನ ಹೇಳಿದರು. ಆ ಮಾತು ನಮಗೂ ಬೇಕಾಗಿತ್ತು. ಸಾಮಾನು ಅಲ್ಲೇ ಬಿಟ್ಟು, ಯಲ್ಲಾಪುರದಲ್ಲೇ ಮಾವನ ಪರಿಚಯದ ಒಬ್ಬ ಹಿರಿಯ ಡಾಕ್ಟರರ ಮನೆಗೆ ಹೋದೆವು. ಅವರು ಚಿಮಣಿಯಂಥ ಸಣ್ಣ ಬೆಳಕಿನ ಕೊಳವೆಯಿಟ್ಟು ಕಿವಿಯೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಕಿವಿ ಕೊಳಕಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವರು ತಲೆಯೆತ್ತಿ, ಕಿವಿ ಪೂರ್ತಿ ಸ್ವಚ್ಛ ಇದೆ, ತಮಟೆಯೂ ಚೆನ್ನಾಗಿದೆ ಅಂದರು. ಅವರ ಮುಖ ಮಾತ್ರ ಸಪ್ಪಗಿತ್ತು. ನಾಳೆಯೇ ಹುಬ್ಬಳ್ಳಿಗೆ ಹೋಗಿ, ಒಂದು ದಿನವೂ ತಡ ಮಾಡಬೇಡಿ ಎಂದರು.

ಮಾರನೆಯ ದಿನ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವನನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯೊಂದರಲ್ಲಿ ಕೂರಿಸಿದರು. ಗೋಡೆಗೆಲ್ಲ ಸ್ಪಂಜು ಹಚ್ಚಿದ್ದರು. ಕಿವಿಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಹೊರಗೆ ಯಂತ್ರದ ಮುಂದೆ ಕೂತ ಹುಡುಗಿಯ ಹಿಂದೆ ನಾನು ನಿಂತಿದ್ದೆ. ಮೊದಲು ಬಲಗಿವಿ. ಅವನ ಹೆಬ್ಬೆರಳು ಒತ್ತುತ್ತಿತ್ತು, ಯಂತ್ರದಲ್ಲಿ ಸಣ್ಣ ದೀಪ ಹೊತ್ತುತ್ತಿತ್ತು. ಎಷ್ಟು ಸಣ್ಣ ಸದ್ದು ಕೊಟ್ಟರೂ ಒತ್ತುತ್ತಿದ್ದ. ನಿಮ್ಮವರ ಕಿವಿ ಭಾರಿ ಚುರುಕೈತ್ರಿ ಎಂದು ಆ ಹುಡುಗಿ ಬೆರಗಿನಿಂದ ನನ್ನತ್ತ ತಿರುಗಿ ನಕ್ಕಳು. ಆಮೇಲೆ ಎಡಗಿವಿಗೆ ಬದಲಿಸಿದಳು. ಹೆಬ್ಬೆರಳು ನಿಂತಿತು. ಅವಳು ಸದ್ದು ಏರಿಸುವ ಗುಬುಟು ತಿರುಗಿಸಿದಳು, ಇನ್ನೂ ತಿರುಗಿಸಿದಳು. ಗಾಜಿನಾಚೆ ಅವನು ಕಣ್ಣುಮುಚ್ಚಿ, ಗೋದಾಮಿನಲ್ಲಿ ಚಪ್ಪಾಳೆ ತಟ್ಟಿದ ದಿನದಷ್ಟೇ ಗಮನವಿಟ್ಟು ಕೂತಿದ್ದ. ಗುಂಡಿಯ ಮೇಲಿನ ಹೆಬ್ಬೆರಳು ಅಲುಗಲೇ ಇಲ್ಲ. ಹುಡುಗಿಯ ನಗು ಹೋಯಿತು. ಅವಳು ಮತ್ತೆ ನನ್ನ ಕಡೆ ತಿರುಗಲಿಲ್ಲ.

ಡಾಕ್ಟರಮ್ಮ ಮಧ್ಯವಯಸ್ಸಿನವರು. ಕೂಡ್ರಿ ಎಂದು ಅವನನ್ನು ಕೂರಿಸಿ, ತಮ್ಮ ಕುರ್ಚಿಯನ್ನು ಅವನ ಬಲಕ್ಕೆ ಎಳೆದುಕೊಂಡು ಮಾತಾಡಿದರು. ನರಕ್ಕೆ ಪೆಟ್ಟಾಗಿದೆ, ಇದು ಯಾರಿಗೆ ಬೇಕಾದರೂ ಇದ್ದಕ್ಕಿದ್ದಂತೆ ಬರಬಹುದು, ಕಾರಣ ಬಹಳ ಸಲ ತಿಳಿಯುವುದಿಲ್ಲ ಎಂದು ವಿವರಿಸಿದರು.

"ಮೊದಲನೇ ವಾರದಾಗ ಬಂದಿದ್ರ ಛಲೋ ಇತ್ರಿ" ಅಂದರು. "ಈಗೂ ಪ್ರಯತ್ನ ಮಾಡೂಣು. ಆದ್ರ ಪೂರಾ ವಾಪಸ್ ಬರ್ತದ ಅಂತ ನಾ ಹೇಳಂಗಿಲ್ಲ."

ಗುಳಿಗೆ ಕೊಟ್ಟರು, ಕಿವಿಯೊಳಗೇ ಚುಚ್ಚುವ ಇಂಜೆಕ್ಷನ್ನಿಗೆ ವಾರವಾರ ಬರಲು ಹೇಳಿದರು. ತಲೆಯ ಸ್ಕ್ಯಾನ್ ಕೂಡ ಆಗಬೇಕು, ಗಡ್ಡೆ ಏನಾದರೂ ಇದ್ದರೆ ಎಂದು ಅವರು ಸಹಜವಾಗಿ ಅಂದಾಗ ನಾನು ಮೇಜಿನ ಅಂಚು ಹಿಡಿದುಕೊಂಡೆ. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಇಷ್ಟು ದೊಡ್ಡ ಸಂಗತಿಗೆ ಏನೂ ಕಾರಣವಿಲ್ಲ ಎಂಬುದನ್ನು ನಂಬುವುದು ನನಗೆ ಇವತ್ತಿಗೂ ಕಷ್ಟ.

ಬಸ್ಸಿನಲ್ಲಿ ಶಿರಸಿಗೆ ವಾಪಸು ಬರುವಾಗ ಅವನು ಕಿಟಕಿಯ ಕಡೆಗೆ ಎಡಗಿವಿ ಬರುವಂತೆ ಕೂತು, ಗಾಳಿಯ ಸದ್ದೇ ಇಲ್ಲ ನೋಡು ಅಂದ. ಮನೆಯಲ್ಲಿ ಅಕ್ಕ, ಅಂದರೆ ಅವನ ಹೆಂಡತಿ, ವರ್ಷ ತುಂಬದ ಮಗನನ್ನು ಸೊಂಟದ ಮೇಲೆ ಇಟ್ಟುಕೊಂಡು ಬಾಗಿಲು ತೆರೆದಳು. ಭಾವ ಹಿಂದಿನ ದಿನ ಫೋನಿನಲ್ಲಿ ಏನೂ ಹೇಳಿರಲಿಲ್ಲ. ರೆಕಾರ್ಡಿಂಗು ಒಂದು ದಿನ ಮುಂದುವರಿದಿದೆ ಎಂದಷ್ಟೇ ಅಂದಿದ್ದ. ಈಗ ಜಗಲಿಯಲ್ಲಿ ಕೂತು, ಬೇರೆ ಯಾರದೋ ಯಂತ್ರ ಕೆಟ್ಟಿದ್ದನ್ನು ಹೇಳುವ ಹಾಗೆ ಎಲ್ಲ ಹೇಳಿದ. ಅವಳು ಅಳುತ್ತಾಳೆ ಅಂದುಕೊಂಡೆ. ಅವಳು ಮಗುವನ್ನು ನನ್ನ ಕೈಗೆ ಕೊಟ್ಟು, ಅವನ ಎದುರಿಗೆ ಕೂತು, ಅವನ ಎಡಗಿವಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಳು.

"ಮಗ ಕೂಗಿರೂ ಏಳ್ತ್ರಿಲ್ಲೆ ಹೇಳಿ ಆನು ಇಷ್ಟು ದಿನ ನಿಂಗಳ ಹತ್ರ ಜಗಳ ಮಾಡಿದೆ" ಅಂದಳು.

ಅವನು ಬಲಮಗ್ಗುಲಿಗೆ ಮಲಗಿದರೆ ಕೇಳುವ ಕಿವಿ ದಿಂಬಿನಲ್ಲಿ ಹೂತುಹೋಗುತ್ತಿತ್ತು. ಪಕ್ಕದಲ್ಲೇ ಮಗು ಅತ್ತರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅವಳು ಅದನ್ನು ಸೋಮಾರಿತನ ಅಂದುಕೊಂಡಿದ್ದಳು, ಅವನು ಮದುವೆ ಸೀಸನ್ನಿನ ದಣಿವು ಅಂದುಕೊಂಡಿದ್ದ.

ಇಂಜೆಕ್ಷನ್ನುಗಳೆಲ್ಲ ಮುಗಿದ ಮೇಲೆ ಎಡಗಿವಿಯಲ್ಲಿ ಒಂದಿಷ್ಟು ಸದ್ದು ಬಂತು. ಮಾತು ತಿಳಿಯುವಂಥದ್ದಲ್ಲ. ಕೊಡದೊಳಗೆ ಯಾರೋ ಗುನುಗಿದ ಹಾಗೆ ಎಂದು ಹೇಳುತ್ತಿದ್ದ. ಅಷ್ಟಕ್ಕೇ ನಿಂತಿತು. ಅದಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆ. ಒಂದು ದಿನ ಶಿರಸಿಯ ಬಸ್ ಸ್ಟ್ಯಾಂಡಿನ ಎದುರು ರಸ್ತೆ ದಾಟುತ್ತಿದ್ದೆವು. ಎಡದಿಂದ ಬಸ್ಸೊಂದು ಜೋರಾಗಿ ಹಾರ್ನ್ ಹೊಡೆಯಿತು. ಭಾವ ಬಲಕ್ಕೆ ನೋಡಿ, ರಸ್ತೆ ಖಾಲಿಯಿದೆ ಎಂದು ಮುಂದೆ ಹೆಜ್ಜೆ ಹಾಕಿದ. ನಾನು ಅಂಗಿ ಹಿಡಿದು ಎಳೆದ ರಭಸಕ್ಕೆ ಅವನ ಜೇಬು ಕಿತ್ತುಬಂತು. ಒಂದೇ ಕಿವಿಯಿದ್ದವರಿಗೆ ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ ಎಂದು ನನಗೆ ಗೊತ್ತಾದದ್ದು ಆವಾಗ. ಹಾರ್ನ್ ಅವನಿಗೆ ಕೇಳಿಸಿತ್ತು, ಎಲ್ಲಿಂದ ಎಂದು ತಿಳಿಯಲಿಲ್ಲ. ಅಂಗಡಿಗೆ ಬಂದ ಮೇಲೆ ಅವನು ಜೇಬಿನ ದಾರ ಕೀಳುತ್ತ ಕೂತ.

ರೆಕಾರ್ಡಿಂಗಿನ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಮೂರು ಹಾಡು ಅವನ ಲ್ಯಾಪ್‌ಟಾಪಿನಲ್ಲಿ ಹಾಗೇ ಇದ್ದವು. ಹುಬ್ಬಳ್ಳಿಯಲ್ಲಿ ಯಾರಿಗಾದರೂ ಕೊಟ್ಟು ಮುಗಿಸೋಣವೇ ಎಂದು ಡ್ರಮ್ಮಿನವನು ನನ್ನ ಹತ್ತಿರ ಗುಟ್ಟಾಗಿ ಕೇಳಿದ್ದ. ಭಾವನ ಮುಂದೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅವನೇ ಫೋನ್ ಮಾಡಿ ಬರಹೇಳಿದ. ಮೇಲಿನ ಕೋಣೆಗೆ ಹೋದರೆ ಮೂರು ಹಾಡನ್ನೂ ಕೂಡಿಸಿ, ಕತ್ತರಿಸಿ, ಮುಗಿಸಿ ಇಟ್ಟಿದ್ದ. ಹೆಡ್‌ಫೋನ್ ಹಾಕಿಕೊಂಡ ಕೂಡಲೇ ನನಗೆ ಏನೋ ಬೇರೆ ಅನ್ನಿಸಿತು. ಡ್ರಮ್ಸು, ಬೇಸು, ಗಿಟಾರು, ನನ್ನ ದನಿ, ಎಲ್ಲವೂ ನಡುನೆತ್ತಿಯಲ್ಲೇ ನಿಂತಿದ್ದವು. ಎಡವೆಂಬುದಿಲ್ಲ, ಬಲವೆಂಬುದಿಲ್ಲ. ಎರಡೂ ಬದಿಯದನ್ನು ಸೇರಿಸಿ ಒಂದೇ ಮಾಡಿಬಿಟ್ಟಿದ್ದ.

ಗೋದಾಮಿನಲ್ಲಿ ಅಷ್ಟು ಅಗಲವಾಗಿ ಕೇಳಿದ್ದ ಹಾಡು ಹೀಗೆ ಕಿರಿದಾದದ್ದನ್ನು ನನಗೆ ಸಹಿಸಲಾಗಲಿಲ್ಲ. ಕೇಳುವವರಿಗೆಲ್ಲ ಎರಡು ಕಿವಿ ಇರುತ್ತವೆ ಎಂಬರ್ಥದ ಮಾತು ಬಾಯಿಂದ ಬಂದೇಬಿಟ್ಟಿತು. ಡ್ರಮ್ಮಿನವನು ಗೋಡೆಯ ಕಡೆಗೆ ತಿರುಗಿದ. ಭಾವನಿಗೆ ಸಿಟ್ಟು ಬರಲಿಲ್ಲ.

"ನಮ್ದೇ ಹಾಡು" ಅಂದ. "ಯಂಗೆ ಮಾತ್ರ ಅರ್ಧವೇ ಸಾಕಾ ಭಾವ?"

ಹಾಡುಗಳನ್ನು ಮತ್ತೆ ಮೊದಲಿಂದ ಕೇಳಿದೆವು. ಮೂರನೆಯದರ ಕೊನೆಯಲ್ಲಿ ಅವನು ತಡೆದು, ಇಲ್ಲೊಂದು ಲಾರಿ ಗೇರು ಬದಲಿಸಿದ್ದು ಕೇಳಿತಾ ಎಂದು ತೋರಿಸಿದ. ಎಡಗಡೆಯ ಮೈಕಿನಲ್ಲಿ ಮಾತ್ರ ಸಿಕ್ಕಿದ್ದ ಸದ್ದು ಅದು. ಎರಡನ್ನೂ ಒಂದು ಮಾಡಿದ ಮೇಲೆ ಅವನಿಗೂ ಸಿಕ್ಕಿತ್ತು. ತೆಗೆಯಲು ಬರುತ್ತದೆ, ತೆಗೆಯಲಾ ಎಂದು ಕೇಳಿದ. ಇರಲಿ ಅಂದೆವು.

ಉಳಿದ ಎರಡನ್ನು ಮಾಡೋಣ ಅನ್ನುವ ಹೊತ್ತಿಗೆ ಗೋದಾಮಿನಲ್ಲಿ ಮೂಟೆಗಳಿರಲಿಲ್ಲ. ಆ ಎರಡು ಹಾಡು ಬಿಟ್ಟು ಮೂರನ್ನೇ ಇಂಟರ್ನೆಟ್ಟಿಗೆ ಹಾಕಿದೆವು. ದೊಡ್ಡ ಸುದ್ದಿಯೇನೂ ಆಗಲಿಲ್ಲ. ನೆಂಟರು ಕೇಳಿದರು, ಕಾಲೇಜಿನ ಹುಡುಗರು ಹಂಚಿಕೊಂಡರು. ನಮ್ಮ ಮನೆಮಾತಿನಲ್ಲಿ ಗಿಟಾರಿನ ಹಾಡು ಕೇಳಿ ಕೆಲವರಿಗೆ ನಗು, ಕೆಲವರಿಗೆ ಖುಷಿ. ಸದ್ದು ನಡುವೆಯೇ ಇದೆ ಎಂದು ಯಾರೂ ಗಮನಿಸಿದಂತೆ ಕಾಣಲಿಲ್ಲ.

ಅದರಿಂದಾಗಿ ಶಿರಸಿಯ ಒಂದು ಕಾಲೇಜಿನವರು ವಾರ್ಷಿಕೋತ್ಸವಕ್ಕೆ ಕರೆದರು. ಒಳ್ಳೆಯ ಕಿವಿಯನ್ನಾದರೂ ಕಾಪಾಡಿಕೊಳ್ಳಬೇಕು, ದೊಡ್ಡ ಸದ್ದಿನ ಹತ್ತಿರ ಹೋಗಬೇಡಿ ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರಿಂದ ಭಾವ ಮದುವೆ, ಆಟಗಳ ಮೈಕಿನ ಕೆಲಸ ಬಿಟ್ಟು ರಿಪೇರಿಯನ್ನಷ್ಟೇ ಉಳಿಸಿಕೊಂಡಿದ್ದ. ಹಾಗಾಗಿ ಬರುವುದಿಲ್ಲ ಅನ್ನುತ್ತಾನೆ ಎಂದೇ ನಾವಂದುಕೊಂಡಿದ್ದೆವು. ಅವನು ಬಂದ. ವೇದಿಕೆ ಹತ್ತುವ ಮೊದಲು ಜೇಬಿನಿಂದ ರಬ್ಬರಿನ ಬಿರಡೆಯೊಂದನ್ನು ತೆಗೆದು ಬಲಗಿವಿಗೆ ಒತ್ತಿಕೊಂಡ. ಹಾಗಾದರೆ ನಿನಗೆ ಏನು ಕೇಳುತ್ತದೆ ಎಂದು ಅವನ ಮುಖದ ಎದುರಿಗೇ ನಿಂತು ಕೇಳಿದೆ. ಸ್ವಲ್ಪ ಗುದ್ದು ತಿಳಿಯುತ್ತದೆ, ಉಳಿದಿದ್ದಕ್ಕೆ ಇವನ ಕೈ ನೋಡುತ್ತೇನೆ ಎಂದು ಡ್ರಮ್ಮಿನವನನ್ನು ತೋರಿಸಿದ.

ಮೂರು ಹಾಡಿನುದ್ದಕ್ಕೂ ಅವನು ಜನರ ಕಡೆಗೆ ಒಮ್ಮೆಯೂ ನೋಡಲಿಲ್ಲ. ಪಕ್ಕಕ್ಕೆ ತಿರುಗಿ, ಡ್ರಮ್ಮಿನ ಕಡ್ಡಿಗಳ ಮೇಲೆ ಕಣ್ಣು ನೆಟ್ಟು ನುಡಿಸಿದ. ನಾನು ಹಾಡುತ್ತಲೇ ಅವನ ಕಡೆಗೆ ನೋಡುತ್ತಿದ್ದೆ. ಒಂದು ಕಡೆಯೂ ತಪ್ಪಲಿಲ್ಲ. ಕೊನೆಯ ಹಾಡು ಮುಗಿದು ಡ್ರಮ್ಮಿನವನು ಕೈ ಕೆಳಗಿಳಿಸುವ ಹೊತ್ತಿಗೆ ಭಾವ ಕಣ್ಣುಮುಚ್ಚಿದ್ದ. ನಾವಿಬ್ಬರೂ ನಿಲ್ಲಿಸಿದ್ದು ಅವನಿಗೆ ತಿಳಿಯಲಿಲ್ಲ, ಗಿಟಾರು ಮಾತ್ರ ಮುಂದುವರಿಯಿತು. ಹುಡುಗರು ಅದೂ ಹಾಡಿನ ಭಾಗ ಎಂದುಕೊಂಡು ಸದ್ದಿಲ್ಲದೆ ಕಾಯುತ್ತಿದ್ದರು. ನಾನು ಹೋಗಿ ಅವನ ಹೆಗಲು ಮುಟ್ಟಬೇಕು ಎಂದು ಹೆಜ್ಜೆ ಎತ್ತಿದೆ, ಆದರೆ ಹೋಗಲಿಲ್ಲ. ಅವನು ತನ್ನ ಸಾಲನ್ನು ಪೂರ್ತಿ ನುಡಿಸಿ, ತಾನೇ ನಿಲ್ಲಿಸಿ, ಕಣ್ಣುಬಿಟ್ಟು, ಆಯಿತಾ ಎಂಬಂತೆ ನಮ್ಮಿಬ್ಬರ ಮುಖ ನೋಡಿದ.